ಅವರೆ ಬಳ್ಳಿಗೆ ಹೇನು ಬಿತ್ತಾ? ಔಷಧಿ ಅಂಗಡಿಗೆ ಓಡೋ ಮುಂಚೆ ಇಷ್ಟು ಮಾಡಿ

ನವೆಂಬರ್ ಮುಗಿಯುತ್ತಾ ಬಂತು ಅಂದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿತ್ತಲಿನ ಅವರೆಗೆ ಹೇನು ಬೀಳೋ ಕಾಲ. ಮಳೆ ನಿಂತಿರುತ್ತದೆ, ಬೆಳಗ್ಗೆ ಮಂಜು, ಮಧ್ಯೆ ಒಂದೆರಡು ದಿನ ಮೋಡ ಕವಿದುಕೊಂಡರಂತೂ ಹೂವಿನ ಗೊನೆ ಪೂರ್ತಿ ಕಪ್ಪಗಾಗಿಬಿಡುತ್ತದೆ. ಜೋರು ಮಳೆ ಬಂದರೆ ಅರ್ಧ ಹೇನು ತಾನಾಗೇ ತೊಳೆದು ಹೋಗುತ್ತದೆ. ಆದರೆ ಆ ತಿಂಗಳಲ್ಲಿ ನಮಗೆ ಅಂಥ ಮಳೆ ಎಲ್ಲಿ ಬರಬೇಕು?

ಮೊದಲು ಅದು ಹೇನೇ ಹೌದಾ ಅಂತ ನೋಡಿಕೊಳ್ಳಿ. ಚಿಗುರಿನ ತುದಿ, ಹೂವಿನ ಕಾಂಡ, ಎಳೆ ಕಾಯಿ, ಎಲೆಯ ಕೆಳಭಾಗ, ಇಷ್ಟು ಜಾಗ ಸಾಕು. ಒಂದರಿಂದ ಮೂರು ಮಿಲಿಮೀಟರ್ ಉದ್ದದ ಮೆತ್ತನೆ ಹುಳು, ಹಿಂದೆ ದಪ್ಪ ಮುಂದೆ ಸಣ್ಣ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದರೆ ಬೆನ್ನಿನ ಹಿಂಭಾಗದಲ್ಲಿ ಎರಡು ಪುಟ್ಟ ಕೊಳವೆ ಕಾಣುತ್ತವೆ. ಅವು ಕಂಡರೆ ಅನುಮಾನವೇ ಬೇಡ. ಬಣ್ಣ ನೋಡಿ ಮೋಸ ಹೋಗಬೇಡಿ. ಅವರೆ, ಅಲಸಂದೆ ಮೇಲಿನದು ಮಿರಮಿರ ಮಿಂಚೋ ಕಪ್ಪು. ಮೆಣಸಿನಕಾಯಿ, ಬದನೆ, ಬೆಂಡೆ ಮೇಲಿನದು ಹಸಿರು ಇಲ್ಲಾ ಹಳದಿ. ಎಲೆಕೋಸು, ನವಿಲುಕೋಸಿನದಕ್ಕೆ ಮೈಮೇಲೆಲ್ಲ ಬೂದಿ ಬಣ್ಣದ ಪುಡಿ. ಬೇಲಿ ಪಕ್ಕದ ಎಕ್ಕದ ಗಿಡದಲ್ಲಿ ಹಳದಿ ಹೇನು ತುಂಬಿರುತ್ತದಲ್ಲ, ಅದು ಎಕ್ಕ, ಕಣಗಿಲೆ ಜಾತಿಯ ಗಿಡಗಳ ಹೇನು, ನಿಮ್ಮ ಅವರೆ ತಂಟೆಗೆ ಬರಲ್ಲ. ಅದನ್ನು ನೋಡಿ ಹೆದರಿ ಎಕ್ಕ ಕಿತ್ತು ಹಾಕಬೇಡಿ. ಹೇನು ತಿನ್ನೋ ಗುಲಗಂಜಿ ಹುಳುಗಳು (ಲೇಡಿಬರ್ಡ್) ಅಲ್ಲೂ ಮೇಯುತ್ತವೆ.

ಎಲೆ ಮೇಲೆ ಬಿಳಿ ಸಿಪ್ಪೆ ಉದುರಿದ್ದರೆ ಅದು ಹೇನು ಬಿಟ್ಟ ಪೊರೆ. ಎಲೆ ಅಂಟು ಅಂಟಾಗಿ, ಆಮೇಲೆ ಮಸಿ ಬಳಿದ ಹಾಗೆ ಕಪ್ಪು ಬೂಷ್ಟು ಬಂದರೆ, ಅದು ಹೇನು ವಿಸರ್ಜಿಸಿದ ಸಿಹಿ ರಸದ ಮೇಲೆ ಬೆಳೆದದ್ದು. ಗಿಡ ಅಲ್ಲಾಡಿಸಿದಾಗ ಬೆಳ್ಳಗೆ ಹಾರಿದರೆ ಬಿಳಿನೊಣ. ದಾಸವಾಳದ ಕಾಂಡಕ್ಕೆ ಹತ್ತಿ ಅಂಟಿದಂತಿದ್ದರೆ ಹಿಟ್ಟು ತಿಗಣೆ. ಮೆಣಸಿನ ಎಲೆ ಮುದುಡಿದ್ದಕ್ಕೆಲ್ಲ ಹೇನನ್ನೇ ಬೈಯಬೇಡಿ. ಎಲೆ ಅಂಚು ಮೇಲಕ್ಕೆ ದೋಣಿ ಥರ ಸುರುಳಿಯಾಗಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನೋ ಪುಟ್ಟ ಕೀಟ, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ.

ಇನ್ನೊಂದು ಸುಲಭದ ಗುರುತು ಇರುವೆ. ಗಿಡದ ಬುಡದಿಂದ ಮೇಲಕ್ಕೆ ಇರುವೆ ಸಾಲು ಹೋಗುತ್ತಿದ್ದರೆ ತುದಿಗೆ ನೋಡಿ, ಹೇನು ಇರೋ ಸಾಧ್ಯತೆ ಜಾಸ್ತಿ. ಆ ಸಿಹಿ ರಸಕ್ಕೋಸ್ಕರ ಇರುವೆಗಳು ಹೇನಿಗೆ ಕಾವಲು ನಿಲ್ಲುತ್ತವೆ, ತಿನ್ನೋಕೆ ಬಂದ ಗುಲಗಂಜಿ ಹುಳುವನ್ನೂ ಓಡಿಸುತ್ತವೆ. ಆದ್ದರಿಂದ ಇರುವೆ ದಾರಿ ತಪ್ಪಿಸದೆ ಏನು ಸಿಂಪಡಿಸಿದರೂ ಅರ್ಧ ಕೆಲಸವೇ. ಕುಂಡವಾದರೆ ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿ, ಕುಂಡ ಗೋಡೆಗೆ ತಾಗದಿರಲಿ. ನಿಂಬೆ, ದಾಸವಾಳದಂಥ ಗಟ್ಟಿ ಕಾಂಡವಿದ್ದರೆ ಅಗಲದ ಟೇಪ್ ಸುತ್ತಿ ಅದರ ಮೇಲೆ ಗ್ರೀಸ್ ಸವರಿ. ಬರೀ ಕಾಂಡಕ್ಕೆ ಸವರಬೇಡಿ, ತೊಗಟೆ ಹಾಳಾಗುತ್ತದೆ.

ಈಗ ಸಿಂಪಡಿಸೋ ಮುಂಚೆ ಒಂದು ಐದು ನಿಮಿಷ ಸುಮ್ನೆ ನಿಂತು ನೋಡಿ. ಇದು ಮುಖ್ಯ. ಹೇನಿನ ನಡುವೆ ಕಪ್ಪು ಮೈಗೆ ಕಿತ್ತಳೆ ಚುಕ್ಕೆಯ, ಮೊಸಳೆ ಮರಿಯಂಥ ಹುಳು ಓಡಾಡುತ್ತಿದ್ದರೆ ಅದು ಗುಲಗಂಜಿ ಹುಳುವಿನ ಮರಿ. ಎಷ್ಟೋ ಜನ ಇದನ್ನೇ ಶತ್ರು ಅಂದುಕೊಂಡು ಹೊಸಕಿ ಹಾಕುತ್ತಾರೆ! ದೊಡ್ಡ ಹುಳುವಿನಂತೆ ಇದೂ ಹೇನನ್ನೇ ತಿನ್ನೋದು. ಕಾಲಿಲ್ಲದ, ಹಸಿರು ಬಣ್ಣದ ಪುಟ್ಟ ಹುಳು ತಲೆ ಆಡಿಸುತ್ತಾ ಹೇನು ಹೀರುತ್ತಿದ್ದರೆ ಅದು ಹೂನೊಣದ ಮರಿ, ಅದನ್ನೂ ಬಿಡಿ. ಕೆಲವು ಹೇನು ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಎಲೆಗೆ ಅಂಟಿಕೊಂಡು ಅಲ್ಲಾಡದೆ ಕೂತಿರುತ್ತವೆ. ಅವುಗಳ ಒಳಗೆ ಒಂದು ಸಣ್ಣ ಕಣಜದ ಹುಳುವಿನ ಮರಿ ಬೆಳೆಯುತ್ತಿರುತ್ತದೆ, ಆಮೇಲೆ ಬೆನ್ನಿಗೆ ದುಂಡಗೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಇವು ಅಲ್ಲಲ್ಲಿ ಕಾಣುತ್ತಿದ್ದರೆ ನನ್ನ ಮಾತು ಕೇಳಿ, ಒಂದು ವಾರ ಏನೂ ಹೊಡೆಯಬೇಡಿ.

ಇವು ಯಾವುವೂ ಕಾಣಲಿಲ್ಲ, ಹೇನು ಮಾತ್ರ ತುಂಬಿದೆ ಅಂದರೆ ಕೈ ಹಾಕಲೇಬೇಕು, ತಡ ಮಾಡಿದರೆ ಕೆಟ್ಟಿತು. ಹೆಣ್ಣು ಹೇನಿಗೆ ಗಂಡೇ ಬೇಡ, ನೇರವಾಗಿ ಮರಿ ಹಾಕುತ್ತದೆ. ಆ ಮರಿ ಹೆಚ್ಚುಕಮ್ಮಿ ಒಂದು ವಾರದಲ್ಲಿ ತಾನೂ ಮರಿ ಹಾಕೋಕೆ ಶುರು ಮಾಡುತ್ತದೆ. ಜಾಗ ಇಕ್ಕಟ್ಟಾದರೆ ರೆಕ್ಕೆಯ ಹೇನು ಹುಟ್ಟಿ ಪಕ್ಕದ ಗಿಡಕ್ಕೆ ಹಾರುತ್ತವೆ. ತುಂಬಾ ಮುತ್ತಿಕೊಂಡ ತುದಿಯನ್ನು ಚಿವುಟಿ ಸೋಪಿನ ನೀರಿಗೆ ಹಾಕಿ. ಉಳಿದದ್ದಕ್ಕೆ ಪೈಪ್ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟು, ಇನ್ನೊಂದು ಕೈಯಲ್ಲಿ ತುದಿ ಹಿಡಿದುಕೊಂಡು, ಎಲೆ ಕೆಳಗಿನಿಂದ ಮೇಲಕ್ಕೆ ಜೋರಾಗಿ ನೀರು ಬಿಡಿ. ಬೆಳಗಿನ ಹೊತ್ತು ಮಾಡಿದರೆ ಗಿಡ ಬೇಗ ಒಣಗುತ್ತದೆ. ಬಿದ್ದ ಹೇನಿನಲ್ಲಿ ಬಹುಪಾಲು ಮತ್ತೆ ಹತ್ತಿ ಬರಲ್ಲ. ಎರಡು ದಿನಕ್ಕೊಮ್ಮೆ ಹೀಗೆ ಮಾಡಿದರೆ ಸಣ್ಣ ಕೈತೋಟಕ್ಕೆ ಇದೇ ಸಾಕಾಗುತ್ತದೆ.

ಬಗ್ಗದಿದ್ದರೆ ಸೋಪಿನ ನೀರು. ಇಲ್ಲೇ ನಮ್ಮ ಜಿಲ್ಲೆಗಳಿಗೆ ಒಂದು ವಿಶೇಷ ತಾಪತ್ರಯ ಇದೆ: ಬೋರ್‌ವೆಲ್ ನೀರಿನ ಗಡಸು. ಗಡಸು ನೀರಿಗೆ ಸೋಪು ಹಾಕಿದರೆ ಸುಣ್ಣದ ಅಂಶದ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ, ಹೇನಿಗೆ ಏನೂ ಆಗಲ್ಲ, ಎಲೆ ಮೇಲೆ ಕಲೆ ಮಾತ್ರ ಉಳಿಯುತ್ತದೆ. 'ಸೋಪಿನ ನೀರು ಹೊಡೆದೆ, ಪ್ರಯೋಜನ ಆಗಲಿಲ್ಲ' ಅನ್ನೋರು ಮೊದಲು ನೀರು ಪರೀಕ್ಷೆ ಮಾಡಿ. ಬಾಟಲಿಗೆ ಅರ್ಧ ನೀರು, ಚೂರು ಸೋಪು ಹಾಕಿ ಕುಲುಕಿ. ಮೇಲೆ ನೊರೆ ನಿಂತರೆ ಸರಿ. ನೊರೆ ಬರದೆ ಮೊಸರು ಒಡೆದಂತೆ ತೇಲಿದರೆ ಆ ನೀರು ಬೇಡ. ಮಳೆ ನೀರು ಹಿಡಿದಿಟ್ಟಿದ್ದರೆ ಅದು, ಇಲ್ಲಾಂದರೆ ಕುಡಿಯೋಕೆ ತರೋ ಫಿಲ್ಟರ್ ಕ್ಯಾನ್ ನೀರು ಬಳಸಿ. ಒಂದು ಲೀಟರಿಗೆ ಸಾದಾ ಸೋಪು ತುರಿದು 5 ಗ್ರಾಂ ಸಾಕು. ಬಟ್ಟೆ ಒಗೆಯೋ ಪುಡಿ ಬೇಡವೇ ಬೇಡ, ಎಲೆ ಸುಡುತ್ತದೆ. ಸೋಪಿನ ನೀರು ಹೇನಿನ ಮೈಗೆ ತಾಗಿದರೆ ಮಾತ್ರ ಕೆಲಸ, ಒಣಗಿದ ಮೇಲೆ ಅದರಿಂದ ಏನೂ ಇಲ್ಲ. ಹಾಗಾಗಿ ಎಲೆ ತಿರುಗಿಸಿ ತಿರುಗಿಸಿ ಹೊಡೆಯಿರಿ, ನಾಲ್ಕೈದು ದಿನ ಬಿಟ್ಟು ಮತ್ತೊಮ್ಮೆ.

ಬೇವಿನ ಎಣ್ಣೆ ಇದಕ್ಕಿಂತ ನಿಧಾನ. ಹೇನು ತಕ್ಷಣ ಸಾಯಲ್ಲ, ತಿನ್ನೋದು ಬೆಳೆಯೋದು ಕುಂಠಿತ ಆಗುತ್ತದೆ. ಲೀಟರಿಗೆ 3ರಿಂದ 5 ಮಿಲಿ. ಎಣ್ಣೆಯನ್ನು ಮೊದಲು ಸೋಪು ಕರಗಿಸಿದ ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಹಾಲಿನಂತಾಗೋವರೆಗೆ ಕುಲುಕಿ, ಆಮೇಲೆ ಉಳಿದ ನೀರು ಸೇರಿಸಿ, ಅವತ್ತೇ ಖಾಲಿ ಮಾಡಿ. ಮನೆ ಹತ್ತಿರ ಬೇವಿನ ಮರ ಇದ್ದರೆ ಜೂನ್, ಜುಲೈನಲ್ಲಿ ಉದುರೋ ಹಣ್ಣಿನ ಬೀಜ ಒಣಗಿಸಿಟ್ಟುಕೊಳ್ಳಿ. 50 ಗ್ರಾಂ ತಿರುಳು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ ಹಿಂಡಿದರೆ ಕಷಾಯ ತಯಾರು. ಹೆಸರಘಟ್ಟದ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಬೇವಿನ ಸೋಪು, ಹೊಂಗೆ ಸೋಪು ರೂಪಿಸಿದೆ. ತುಮಕೂರಿನವರು ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಕೋಲಾರದವರು ಟಮಕದ ಕೇಂದ್ರದಲ್ಲಿ ವಿಚಾರಿಸಬಹುದು. ಏನೇ ಹೊಡೆದರೂ ಮೊದಲು ಒಂದು ಎಲೆಗೆ ಹೊಡೆದು ಒಂದು ದಿನ ಕಾಯಿರಿ. ಜೇನುನೊಣ ಹೋದ ಮೇಲೆ, ಸಂಜೆಯೇ ಹೊಡೆಯಿರಿ.

ಒಲೆ ಬೂದಿ? ಇಬ್ಬನಿ ಇರುವಾಗ ಎರಚೋದು ಹಳ್ಳಿ ಕಡೆ ರೂಢಿ, ಆಗತಾನೇ ಬಿದ್ದ ಹೇನಿಗೆ ಪರವಾಗಿಲ್ಲ. ಮೆಣಸಿನಕಾಯಿ ಬೆಳ್ಳುಳ್ಳಿ ಕಷಾಯ ನನಗೆ ಇಷ್ಟ ಇಲ್ಲ, ಕೈ ಕಣ್ಣು ಉರಿಯೋದೇ ಜಾಸ್ತಿ.

ವರ್ಷಾ ವರ್ಷಾ ಇದೇ ಗೋಳಾದರೆ ಗೊಬ್ಬರ ನೋಡಿ. ಯೂರಿಯಾ ಜಾಸ್ತಿ ಹಾಕಿದ ಗಿಡದ ಚಿಗುರು ಎಳಸಾಗಿ ರಸ ತುಂಬಿರುತ್ತದೆ, ಹೇನಿಗೆ ಅದೇ ಬೇಕು. ಕೊಟ್ಟಿಗೆ ಗೊಬ್ಬರ ಸಾಕು. ಸಬ್ಬಸಿಗೆ, ಕೊತ್ತಂಬರಿ ಪೂರ್ತಿ ಕೀಳದೆ ನಾಲ್ಕು ಗಿಡ ಹೂ ಬಿಡೋಕೆ ಬಿಡಿ, ಹೂನೊಣಗಳು ಅಲ್ಲಿಗೆ ಬರುತ್ತವೆ.

ಪಪಾಯ, ಮೆಣಸಿನ ಗಿಡ ಇದ್ದರೆ ಮಾತ್ರ ಇನ್ನೊಂದು ಎಚ್ಚರ ಬೇಕು. ಹೇನು ಇವಕ್ಕೆ ವೈರಸ್ ರೋಗ ತರುತ್ತದೆ. ಎಲೆಯಲ್ಲಿ ಹಳದಿ ಹಸಿರು ಮಚ್ಚೆ, ಪಪಾಯ ಕಾಯಿ ಮೇಲೆ ಉಂಗುರದ ಗುರುತು ಬಂತು ಅಂದರೆ ಬೇವು, ಸೋಪು ಯಾವುದೂ ವಾಸಿ ಮಾಡಲ್ಲ. ಗಿಡ ಬುಡಸಮೇತ ಕಿತ್ತು ದೂರ ಹಾಕಿ, ಪಕ್ಕದ ಗಿಡಗಳ ಎಲೆ ತಿರುಗಿಸಿ ನೋಡಿ.