ತೋಡಿಗೆ ಕಟ್ಟ ಹಾಕುವಾಗ ಬುಡ ನೋಡಿ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಆದರೂ ಬೇಸಿಗೆಯಲ್ಲಿ ನೀರಿಗೆ ಪರದಾಟ. ಬಿದ್ದ ಮಳೆ ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ನಾವು ಅಡಿಕೆ ತೋಟಕ್ಕೆಂದು ಬೋರಿನ ಮೇಲೆ ಬೋರು ಕೊರೆಸುತ್ತೇವೆ. ಬಂಡೆಯ ಬಿರುಕಿನಲ್ಲಿರುವ ನೀರು ತುಂಬುವುದು ನಿಧಾನ, ನಾವು ಎಳೆಯುವುದು ಜಾಸ್ತಿ. ಪಕ್ಕದ ಬಾವಿ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ತೋಡಿನ (ಸಣ್ಣ ಹಳ್ಳದ) ಒರತೆ ಎಲ್ಲ ಸೊರಗುತ್ತವೆ. ತೋಡು ಬತ್ತಿದರೆ ಮೀನು, ಕಪ್ಪೆಗಳ ಕಥೆಯೂ ಮುಗಿಯಿತು.

ಇದೇ ಜಿಲ್ಲೆಯ ಏತಡ್ಕದ ಕಡೆ ತೋಡಿಗೆ ಸಾಲು ಸಾಲು ಕಟ್ಟ (ಬೇಸಿಗೆಗೆ ಮಾತ್ರ ಹಾಕುವ ಸಣ್ಣ ಒಡ್ಡು) ಹಾಕಿ ನೀರು ಇಂಗಿಸುತ್ತಾರೆ. ಅದನ್ನು ನೋಡಿ ಬಂದು ಹಲವರು ತಾವೂ ಕಟ್ಟುತ್ತಾರೆ. ಗೋಡೆ ಎತ್ತರಕ್ಕಿರುತ್ತದೆ, ನೀರು ಬುಡದಲ್ಲಿ ಸೋರುತ್ತಿರುತ್ತದೆ!

1. ಸಮಯ, ಜಾಗ: ತುಲಾ ಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು) ಪೂರ್ತಿ ನಿಲ್ಲಲಿ. ಡಿಸೆಂಬರ್ ಸರಿಯಾದ ತಿಂಗಳು. ತೋಡು ಕಿರಿದಾಗಿ, ಎರಡೂ ದಡ ಗಟ್ಟಿ ಇರುವಲ್ಲಿ ಹಾಕಿ. ಕೆಳಗಿನ ತೋಟದವರ ಹತ್ತಿರ ಮೊದಲೇ ಮಾತಾಡಿ.

2. ಬುಡ: ಇದಕ್ಕೇ ಒಂದು ದಿನ ಇಟ್ಟುಕೊಳ್ಳಿ. ನೀರನ್ನು ಪೈಪಿನಲ್ಲಿ ಬದಿಗೆ ಬಿಟ್ಟು, ತೋಡಿಗೆ ಅಡ್ಡಲಾಗಿ ಹೊಯಿಗೆ (ಮರಳು) ತೆಗೆಯಿರಿ. ಹಾರೆಗೆ ಗಟ್ಟಿ ನೆಲ ಇಲ್ಲವೇ ಪಾರೆ (ಬಂಡೆ) ಸಿಗುವವರೆಗೂ ನಿಲ್ಲಿಸಬೇಡಿ. ಹೊಯಿಗೆ ಮೇಲೆ ಕಟ್ಟಿದರೆ ನೀರು ಅಡಿಯಲ್ಲೇ ಹೋಗುತ್ತದೆ. ದಡದೊಳಗೂ ಎರಡೂ ಕಡೆ ಒಂದೊಂದು ಮೊಳ ಕಡಿಯಿರಿ. ಅಲ್ಲಿ ಏಡಿ ಬಿಲ ಹುಡುಕಿ, ಕೋಲು ಹಾಕಿ ಎಷ್ಟು ಉದ್ದ ಇದೆ ನೋಡಿ. ಕಟ್ಟ ಹಾಳಾಗುವುದು ಜಾಸ್ತಿ ಅಲ್ಲಿಂದಲೇ.

ಅಗೆದ ಚರಂಡಿ, ದಡದ ಕಡಿತ, ಬಿಲ ತುಂಬಲು ಆವೆಮಣ್ಣು (ಜೇಡಿಮಣ್ಣು) ಬೇಕು. ಬೇರು, ತರಗೆಲೆ ಒಂದೂ ಇರಬಾರದು. ಅವು ಕೊಳೆತ ಜಾಗವೇ ತೂತು. ಮಣ್ಣು ಉಂಡೆ ಕಟ್ಟಿದರೆ ಬಿರಿಯದಷ್ಟು ನೆನೆಸಿ, ಒಂದು ಗೇಣು ಹಾಕಿ ತುಳಿಯಿರಿ, ಆಮೇಲೆ ಮುಂದಿನ ಗೇಣು. ಒಟ್ಟಿಗೆ ಸುರಿದು ಮೇಲೆ ಮಾತ್ರ ತುಳಿದರೆ ಏನೂ ಪ್ರಯೋಜನವಿಲ್ಲ. ದಡ ಕೆರೆದು ಮಣ್ಣು ತೆಗೆಯಲೇಬೇಡಿ, ಮಳೆಗಾಲದಲ್ಲಿ ದಡವೇ ಕುಸಿಯುತ್ತದೆ.

3. ಗೋಡೆ: ಎರಡು ಸಾಲು ಕಲ್ಲು, ನಡುವೆ ತುಳಿದ ಮಣ್ಣು, ಆಸರೆಗೆ ಅಡಿಕೆ ಮರದ ಸಲಾಕೆ. ಸೊಂಟದ ಎತ್ತರ ಸಾಕು.

ಹೊಯಿಗೆ ತುಂಬಿದ ಸಿಮೆಂಟ್ ಚೀಲ ಸುಲಭ ಅನ್ನುತ್ತಾರೆ. ನನಗದು ಆಗದು. ತೋಡಿನ ಹೊಯಿಗೆಯನ್ನೇ ಬಗೆದರೆ ನೀರು ಹಿಡಿಯುವ ಜಾಗವೇ ಹೋಯಿತು, ಅಲ್ವಾ? ಚೀಲವೂ ಬಿಸಿಲಿಗೆ ಹುಡಿ ಹುಡಿಯಾಗಿ ಮೊದಲ ಮಳೆಗೆ ಸಮುದ್ರದ ದಾರಿ ಹಿಡಿಯುತ್ತದೆ.

4. ಶೀಟು: ನೀರು ನಿಲ್ಲುವ ಬದಿಗೆ ಪ್ಲಾಸ್ಟಿಕ್ ಶೀಟು ಹೊದಿಸಿ. ಕೆಳಗಿನ ಅಂಚು ಬುಡದ ಚರಂಡಿಯೊಳಗೆ, ಬದಿಯ ಅಂಚು ದಡದ ಕಡಿತದೊಳಗೆ ಹೋಗಬೇಕು. ಮೇಲೆ ಮಣ್ಣು ಮೆತ್ತಿ ಕಲ್ಲು ಹೇರಿ. ಬಿಗಿಯಾಗಿ ಎಳೆಯಬೇಡಿ, ನೀರು ಒತ್ತಿದಾಗ ಶೀಟು ಹರಿದುಹೋಗುತ್ತದೆ. ಅಗ್ಗದ ತೆಳು ಕಪ್ಪು ಶೀಟು ತಂದರೆ ದುಡ್ಡು ದಂಡ. ದಪ್ಪ ಸಿಲ್ಪಾಲಿನ್ (ಗಟ್ಟಿ ಪ್ಲಾಸ್ಟಿಕ್ ಟಾರ್ಪಾಲು) ತನ್ನಿ.

5. ಕೋಡಿ: ನಡುವೆ ಅರ್ಧ ಅಡಿ ತಗ್ಗು ಬಿಡಿ. ಹೆಚ್ಚಾದ ನೀರು ಅಲ್ಲೇ ದಾಟಲಿ, ಕೆಳಗಿನ ತೋಡೂ ಜೀವ ಹಿಡಿಯಬೇಕು. ತುಂಬಿತೆಂದು ದೊಡ್ಡ ಪಂಪು ಇಟ್ಟು ಬರಿದು ಮಾಡುವುದಾದರೆ ಸುಮ್ನೆ ಕಟ್ಟಬೇಡಿ. ನೀರು ನಿಂತಷ್ಟು ದಿನ ಅಕ್ಕಪಕ್ಕದ ಬಾವಿಗೆ ಇಳಿಯುತ್ತಿರುತ್ತದೆ.

6. ಬಿಚ್ಚುವುದು: ಜೂನ್ ಮಳೆಗೆ ಮೊದಲೇ ಬಿಚ್ಚಿ. ಮೊದಲ ನೆರೆಗೆ ಮೀನು ಮೊಟ್ಟೆ ಇಡಲು ಮೇಲಕ್ಕೆ ಹತ್ತುತ್ತವೆ, ಕಟ್ಟ ಅಡ್ಡವಿರಬಾರದು. ಶೀಟು ತೊಳೆದು, ನೆರಳಲ್ಲಿ ಒಣಗಿಸಿ, ಇಲಿಗೆ ಸಿಗದ ಕಡೆ ಸುತ್ತಿಡಿ. ಮುಂದಿನ ವರ್ಷಕ್ಕೂ ಆಗುತ್ತದೆ.