ಕೈ ಕುದುರಿದ ಶೂಟರ್‌ನನ್ನು ಕಟ್ಟಿಹಾಕುವುದು ಹೇಗೆ

ಬಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿ ಸಾಲಾಗಿ ಮೂರು ತ್ರೀ (ಮೂರು ಪಾಯಿಂಟಿನ ದೂರದ ಶಾಟ್) ಹೊಡೆದನೆಂದರೆ ಬೆಂಚಿನಿಂದ ‘ಹಿಡಿಯೋ ಅವನ್ನ’ ಎಂಬ ಕೂಗು ಶುರು. ಹಿಡಿಯುವ ಮುಂಚೆ ಆ ಮೂರೂ ಹೇಗೆ ಬಿದ್ದವೆಂದು ನೋಡಿ. ಡಿಫೆಂಡರ್ ಮೈಮೇಲಿದ್ದರೂ ಡ್ರಿಬಲ್ ಮಾಡಿ ಎಸೆದವಾದರೆ ಏನನ್ನೂ ಬದಲಿಸಬೇಡಿ, ಅಂಥವು ತಪ್ಪುವುದೇ ಹೆಚ್ಚು. ಖಾಲಿ ಜಾಗದಲ್ಲಿ ಪಾಸ್ ಹಿಡಿದು ಎಸೆದವಾದರೆ ತಪ್ಪು ನಿಮ್ಮದೇ. (ಶಾಟ್ ಬೀಳತೊಡಗಿದರೆ ಮುಂದಿನವೂ ಬೀಳುತ್ತವೆ ಎಂಬ ‘ಕೈ ಕುದುರುವುದು’ ಬರೀ ಭ್ರಮೆ ಎಂದು 1985ರಲ್ಲಿ ಸಂಶೋಧಕರಾದ ಗಿಲೋವಿಚ್, ವ್ಯಾಲೋನ್, ಟ್ವರ್ಸ್ಕಿ ವಾದಿಸಿದರು, ಆ ಲೆಕ್ಕದಲ್ಲೇ ದೋಷವಿದೆಯೆಂದು 2018ರಲ್ಲಿ ಮಿಲ್ಲರ್, ಸಂಹುರ್ಹೋ ತೋರಿಸಿದರು. ಆ ಜಗಳ ತೀರುವವರೆಗೆ ಕೋರ್ಟಿನಲ್ಲಿ ಕಾಯಲಾಗದು.)

2016ರ ಡಿಸೆಂಬರ್ 5ರಂದು ಎನ್‌ಬಿಎಯಲ್ಲಿ (ಅಮೆರಿಕದ ವೃತ್ತಿಪರ ಲೀಗ್) ವಾರಿಯರ್ಸ್ ತಂಡದ ಕ್ಲೇ ಥಾಂಪ್ಸನ್ ಇಂಡಿಯಾನಾ ಮೇಲೆ 29 ನಿಮಿಷದಲ್ಲಿ 60 ಪಾಯಿಂಟ್ ಗಳಿಸಿದರು. ಡ್ರಿಬಲ್ ಮಾಡಿದ್ದು ಬರೀ 11 ಸಲ. ಇಂಥವರಿಗೆ ಎಸೆಯುವಾಗ ಕೈ ಅಡ್ಡ ಹಿಡಿಯುವುದಕ್ಕಿಂತ ಬಾಲ್ ಕೈಗೇ ಸಿಗದಂತೆ ಮಾಡಿ. ಬಾಲ್ ಒಂದು ಪಾಸ್ ದೂರದಲ್ಲಿದ್ದಾಗ ಎದೆ ಅವನ ಕಡೆ, ಒಂದು ಕೈ ಪಾಸ್ ಬರುವ ದಾರಿಯಲ್ಲಿ. ಸ್ಕ್ರೀನ್ (ಅವನ ಜೊತೆಗಾರ ನಿಮ್ಮ ದಾರಿಗೆ ಅಡ್ಡ ನಿಲ್ಲುವುದು) ಬಂದರೆ ಅದರ ಕೆಳಗಿನಿಂದ, ಅಂದರೆ ಬಾಸ್ಕೆಟ್ ಬದಿಯಿಂದ, ನುಸುಳಬೇಡಿ, ಅವನ ಸೊಂಟಕ್ಕೆ ಅಂಟಿಕೊಂಡೇ ಹಿಂಬಾಲಿಸಿ. ನೀವು ತಲುಪುವವರೆಗೆ ನಿಮ್ಮ ಸೆಂಟರ್ (ರಿಂಗಿನ ಬಳಿ ಆಡುವವನು) ಒಂದು ಹೆಜ್ಜೆ ಹೊರಬಂದು ಅಡ್ಡ ನಿಲ್ಲಲಿ. ಹೀಗೆ ಒತ್ತಿದಾಗ ಅವನು ನಿಮ್ಮ ಬೆನ್ನ ಹಿಂದಿನಿಂದ ಬಾಸ್ಕೆಟ್‌ಗೆ ಓಡುತ್ತಾನೆ. ಡಿಫೆಂಡರ್ ಸುಮ್ಮನೆ ರಿಂಗಿನ ಬಳಿ ನಿಲ್ಲಲು ಎನ್‌ಬಿಎಯಲ್ಲಿರುವ ಮೂರು ಸೆಕೆಂಡಿನ ಮಿತಿ ನಮ್ಮಲ್ಲಿ ಆಡುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಇಲ್ಲ. ಹಾಗಾಗಿ ಒಬ್ಬರನ್ನು ರಿಂಗಿನ ಕೆಳಗೇ ಇಟ್ಟುಕೊಳ್ಳಿ.

ಅವನಿಗೆ ಬಾಲ್ ಸಿಕ್ಕೇಬಿಟ್ಟರೆ ಅವನತ್ತ ದೂರದ ಮುಕ್ಕಾಲು ಭಾಗ ಜೋರಾಗಿ ಓಡಿ, ಕೊನೆಗೆ ಮೂರು ನಾಲ್ಕು ಸಣ್ಣ ಹೆಜ್ಜೆ. ಮಂಡಿ ಬಗ್ಗಿರಲಿ, ಒಂದೇ ಕೈ ಮೇಲೆ, ಹಾರಬೇಡಿ. ತುಮಕೂರಿನ ಕಾಲೇಜುಗಳ ಸಿಮೆಂಟ್ ಕೋರ್ಟ್‌ನಲ್ಲಿ ಧೂಳಿದ್ದರೆ ಈ ಸಣ್ಣ ಹೆಜ್ಜೆಗಳಲ್ಲೇ ಕಾಲು ಜಾರುತ್ತದೆ. ಟೈಂಔಟ್‌ನಲ್ಲಿ ಒದ್ದೆ ಬಟ್ಟೆಗೆ ಶೂ ತಿಕ್ಕಿಕೊಳ್ಳಿ. ಅವನು ಇಳಿಯುವ ಜಾಗದಲ್ಲಿ ನಿಮ್ಮ ಪಾದ ಇಡಬೇಡಿ, ಅವನ ಕಣಕಾಲು ಉಳುಕುತ್ತದೆ, ಫೌಲೂ ಆಗುತ್ತದೆ. 6.75 ಮೀಟರ್ ಗೆರೆಯಾಚೆ ಶಾಟ್ ಹೊಡೆಯುತ್ತಿದ್ದವನಿಗೆ ಫೌಲ್ ಮಾಡಿದರೆ, ಬಾಲ್ ಬೀಳದಿದ್ದರೆ ಮೂರು ಫ್ರೀ ಥ್ರೋ.

ಬಾಕ್ಸ್ ಆಂಡ್ ಒನ್ ಕೊನೆಯ ಅಸ್ತ್ರ: ಒಬ್ಬ ಬೆನ್ನುಬಿಡದೆ ಹಿಂಬಾಲಿಸಿದರೆ ನಾಲ್ವರು ಚೌಕವಾಗಿ ನಿಲ್ಲುತ್ತಾರೆ. ಎದುರು ತಂಡದಲ್ಲಿ ಶೂಟರ್ ಒಬ್ಬನೇ ಇದ್ದರಷ್ಟೇ ಇದು ಫಲಿಸುತ್ತದೆ. 2019ರ ಎನ್‌ಬಿಎ ಫೈನಲ್‌ನ ಎರಡನೇ ಪಂದ್ಯದಲ್ಲಿ, ಥಾಂಪ್ಸನ್ ಗಾಯಗೊಂಡು ಹೊರಹೋದ ಮೇಲೆ, ಟೊರಾಂಟೊ ತಂಡ ವಾರಿಯರ್ಸ್‌ನ ಇನ್ನೊಬ್ಬ ಶೂಟರ್ ಸ್ಟೀಫನ್ ಕರಿ ಮೇಲೆ ಇದನ್ನೇ ಹಾಕಿ ವಾರಿಯರ್ಸ್‌ ಸ್ಕೋರನ್ನು ಕಟ್ಟಿಹಾಕಿತು. ಕೊನೆಯ ಕ್ಷಣದಲ್ಲಿ ಇಬ್ಬರು ಕರಿಯತ್ತ ಓಡಿದರು, ಖಾಲಿ ಉಳಿದ ವಾರಿಯರ್ಸ್‌ನ ಇಗುಡಾಲಾ ತ್ರೀ ಹಾಕಿ ಪಂದ್ಯ ಮುಗಿಸಿದರು. ಆದ್ದರಿಂದ ಇಬ್ಬರನ್ನು ಕಳಿಸುವ ಮೊದಲೇ ಅವರಲ್ಲಿ ಯಾರನ್ನು ಖಾಲಿ ಬಿಡಬಹುದೆಂದು ಗೊತ್ತುಮಾಡಿಕೊಂಡಿರಿ.