ಒಂದೇ ಸಾಲಿನ ಪದಗಳು

‘ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ.’ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಆರು ಗೋದ್ರೆಜ್ ಯಂತ್ರಗಳನ್ನಿಟ್ಟುಕೊಂಡು ಟೈಪಿಂಗ್ ಕಲಿಸುತ್ತಿದ್ದ ನನಗೆ ನಿದ್ದೆಯಲ್ಲೂ ಇದೇ ತಾಳ ಕೇಳುತ್ತಿತ್ತು. ಕಲಿಯಲು ಬರುತ್ತಿದ್ದವರು ಹೆಚ್ಚಾಗಿ ಕನ್ನಡ ಮಾಧ್ಯಮದವರು. ತಿಂಗಳೆರಡು ತಿಂಗಳಲ್ಲಿ ಅವರ ಬೆರಳು ಪಳಗುತ್ತಿತ್ತು. ಆದರೆ ಹೊಡೆಯುತ್ತಿರುವ ಪದದ ಅರ್ಥ ತಿಳಿಯದಿದ್ದರಿಂದ ತಪ್ಪು ಬಿದ್ದರೂ ಕಣ್ಣಿಗೆ ಕಾಣುತ್ತಿರಲಿಲ್ಲ. ಆಗ ಹೊಳೆದದ್ದು ಈ ಆಟ: ಕೈ ಸಾಲು ಬದಲಿಸದೆ ಮುಗಿಯುವ ಉದ್ದನೆಯ ಪದಗಳನ್ನು ಹುಡುಕುವುದು, ಹುಡುಕಿದವರೇ ಅರ್ಥವನ್ನೂ ಹೇಳುವುದು.

ಮೇಲಿನ ಸಾಲಿನಲ್ಲಿ ಹತ್ತು ಅಕ್ಷರಗಳು: ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ, ಯು, ಐ, ಒ, ಪಿ. ‘ಟೈಪ್‌ರೈಟರ್’ ಎಂಬ ಹತ್ತಕ್ಷರದ ಪದವೇ ಇಲ್ಲಿದೆ ಎಂದಾಗ ಮಕ್ಕಳು ನಂಬಲಿಲ್ಲ, ಹೊಡೆದು ನೋಡಿದರು. ‘ರೆಪರ್ಟ್ವಾರ್’ಗೂ ಹತ್ತು. ಗಾಯಕರ ಬತ್ತಳಿಕೆಯಲ್ಲಿ ಯಾವ ಗಳಿಗೆಯಲ್ಲೂ ಹಾಡಲು ಸಿದ್ಧವಿರುವ ಕೃತಿಗಳೆಲ್ಲ ಸೇರಿ ಅವರ ರೆಪರ್ಟ್ವಾರ್. ‘ಪರ್ಪೆಚುಯಿಟಿ’ಗೂ ಹತ್ತು. ಎಂದೆಂದಿಗೂ ಎಂದರ್ಥ ಎಂದು ನಾನು ಹೇಳಿದೆ. ಪತ್ರಬರಹಗಾರರ ಮಗನೊಬ್ಬ, ‘ಸಾರ್, ಅಪ್ಪ ಪುತ್ರ ಪೌತ್ರ ಪಾರಂಪರ್ಯವಾಗಿ ಎಂದು ಬರೆಯುತ್ತಾರಲ್ಲ, ಅದೇ ತಾನೇ?’ ಎಂದ. ಶಾಸನಗಳಲ್ಲಾದರೆ ‘ಆಚಂದ್ರಾರ್ಕ’. ಸೂರ್ಯ ಚಂದ್ರರನ್ನು ಸಾಕ್ಷಿಗೆ ಕರೆಯುವ ಆ ಪದದ ಮುಂದೆ ಇಂಗ್ಲಿಷ್ ಪದ ಬಡವಾಗಿ ಕಂಡಿತು.

ನನ್ನ ಬಲು ಇಷ್ಟದ್ದು ಮಾತ್ರ ‘ಪ್ರಾಪರ್ಟಿ’, ‘ಪ್ರೊಪ್ರೈಟಿ’, ‘ಪ್ರೊಪ್ರೈಟರ್’ ಎಂಬ ಮೂರು ಮೆಟ್ಟಿಲು. ಎಂಟು, ಒಂಬತ್ತು, ಹತ್ತು ಅಕ್ಷರ, ಮೂರೂ ಮೇಲಿನ ಸಾಲಿನವೇ. ಅಂಗಡಿಯ ಹಲಗೆಯ ಮೇಲೆ ಹೆಸರಿನ ಹಿಂದೆ ‘ಪ್ರೊ.’ ಎಂದಿರುವುದನ್ನು ನೋಡಿ, ನಮ್ಮ ಕಿರಾಣಿ ಅಂಗಡಿಯವರು ಪ್ರೊಫೆಸರ್ ಎಂದೇ ಒಬ್ಬ ಹುಡುಗಿ ಬಹಳ ಕಾಲ ತಿಳಿದಿದ್ದಳಂತೆ. ಪ್ರಾಪರ್ಟಿ ಆಸ್ತಿ, ಪ್ರೊಪ್ರೈಟರ್ ಮಾಲೀಕ. ಅದೇ ಜೋರಿನಲ್ಲಿ ನಾನು ಪ್ರೊಪ್ರೈಟಿ ಎಂದರೆ ಒಡೆತನ ಎಂದುಬಿಟ್ಟೆ. ಮರುದಿನ ಆಕೆಯೇ ನಿಘಂಟು ತಂದು ಮೇಜಿನ ಮೇಲಿಟ್ಟಳು: ಔಚಿತ್ಯ, ಸಭ್ಯ ನಡವಳಿಕೆ. ಮುಖ ಸಣ್ಣದಾಯಿತು. ಪದಮೂಲ ಹುಡುಕಿದಾಗ ಸ್ವಲ್ಪ ಸಮಾಧಾನ ಸಿಕ್ಕಿತು. ಮೂರಕ್ಕೂ ಬೇರು ‘ತನ್ನದೇ ಆದ’ ಎಂಬ ಅರ್ಥದ ಲ್ಯಾಟಿನ್ನಿನ ಪ್ರೊಪ್ರಿಯಸ್. ತನ್ನದಾದದ್ದು ಆಸ್ತಿ, ತನಗೆ ತಕ್ಕುದಾದ ನಡತೆ ಔಚಿತ್ಯ. ಹಿಂದಿನ ಇಂಗ್ಲಿಷಿನಲ್ಲಿ ಪ್ರೊಪ್ರೈಟಿಗೆ ಒಡೆತನ ಎಂಬ ಅರ್ಥವೂ ಇತ್ತು. ಹಾಗಾಗಿ ನನ್ನ ತಪ್ಪು ಹಳತಾಗಿತ್ತು ಅಷ್ಟೆ ಎಂದು ತರಗತಿಯಲ್ಲಿ ವಾದಿಸಿದೆ. ಯಾರೂ ಒಪ್ಪಲಿಲ್ಲ.

ನಡುಸಾಲಿನಲ್ಲಿ ಇರುವ ಸ್ವರ ‘ಎ’ ಒಂದೇ, ಆದ್ದರಿಂದ ಅಲ್ಲಿ ಬೆಳೆ ಕಡಿಮೆ. ಸಿಕ್ಕಿದ್ದು ಏಳಕ್ಷರದ ‘ಆಲ್ಫಾಲ್ಫಾ’. ಎಡಗೈ ಕಿರುಬೆರಳು, ಬಲಗೈ ಉಂಗುರಬೆರಳು, ಎಡಗೈ ತೋರುಬೆರಳು, ಮತ್ತೆ ಕಿರುಬೆರಳು... ಮೂರೇ ಅಕ್ಷರ ಮೂರೇ ಬೆರಳಲ್ಲಿ ತಕಧಿಮಿ ಹಾಕುತ್ತವೆ. ಸೋಮಾರಿ ಕಿರುಬೆರಳಿಗೆ ಇದಕ್ಕಿಂತ ಒಳ್ಳೆಯ ಸಾಧನೆ ಇಲ್ಲ. ‘ಏನು ಸಾರ್ ಹಾಗೆಂದರೆ?’ ಎಂದಾಗ ಲೂಸರ್ನ್ ಎಂದೆ. ಹಸು ಸಾಕುವ ಮನೆಯ ಹುಡುಗ ನಕ್ಕುಬಿಟ್ಟ. ಬೆಳಗ್ಗೆ ಕೊಯ್ದು ಹಾಕಿ ಬಂದ ಕುದುರೆ ಮಸಾಲೆ ಸೊಪ್ಪಿಗೆ ಇಷ್ಟು ದೊಡ್ಡ ಹೆಸರೇ ಎಂದು.

ಮುಂದೆ ಸಾಲು ಬಿಟ್ಟು ಕೈ ಹಿಡಿದೆವು. ಎಡಗೈಗೆ ಹದಿನೈದು ಅಕ್ಷರ, ಬಲಗೈಗೆ ಹನ್ನೊಂದು. ‘ಇ’, ‘ಎ’, ‘ಆರ್’, ‘ಎಸ್’, ‘ಟಿ’, ‘ಡಿ’ ಎಲ್ಲವೂ ಎಡಕ್ಕೇ ಸೇರಿರುವುದರಿಂದ ಭೂತಕಾಲದ ‘ಇಡಿ’ ಪ್ರತ್ಯಯವೂ ಬಹುವಚನದ ‘ಇಎಸ್’ ಕೂಡ ಆ ಕೈಯ ಪಾಲು. ‘ಸ್ಟುವರ್ಡೆಸಸ್’, ಅಂದರೆ ಗಗನಸಖಿಯರು, ಇಂಗ್ಲಿಷಿನಲ್ಲಿ ಹನ್ನೆರಡು ಅಕ್ಷರ. ಕನ್ನಡದಲ್ಲಿ ಬರೆದರೆ ಐದಕ್ಕೆ ಮುಗಿದು ಆಟವೇ ಕೆಡುತ್ತದೆ! ‘ರಿವರ್ಬರೇಟೆಡ್’ ಕೂಡ ಹನ್ನೆರಡು. ಮಾರ್ದನಿಸಿತು ಎಂದರೆ ಸಾಕು, ಗೋಳಗುಮ್ಮಟ ನೋಡಿ ಬಂದವರಿಗೆ ವಿವರಣೆ ಬೇಕಾಗಲಿಲ್ಲ.

ಬಲಗೈಯದು ತಿಣುಕಾಟ. ‘ಮೊನೊಪಲಿ’ ಎಂಟು, ಅದು ಒಬ್ಬನೇ ಹಿಡಿದಿಟ್ಟ ವ್ಯಾಪಾರ. ‘ಪಾಲಿಫೊನಿ’ ಒಂಬತ್ತು, ಹಲವು ರಾಗಧಾರೆಗಳು ಏಕಕಾಲಕ್ಕೆ ಹೆಣೆದುಕೊಳ್ಳುವ ಸಂಗೀತ. ಹನ್ನೊಂದಕ್ಷರದ ‘ಹೈಪೊಲಿಮ್ನಿಯಾನ್’ ಸಿಕ್ಕಿದ ದಿನ ಎಲ್ಲರಿಗೂ ಚಹಾ ಕುಡಿಸಿದೆ. ಗ್ರೀಕಿನಲ್ಲಿ ಹೈಪೊ ಎಂದರೆ ಕೆಳಗೆ, ಲಿಮ್ನೆ ಎಂದರೆ ಸರೋವರ. ಬಿಸಿಲಿಗೆ ಮೇಲ್ನೀರು ಕಾದಾಗ ಅದರೊಂದಿಗೆ ಬೆರೆಯದೆ ತಳದಲ್ಲೇ ಉಳಿಯುವ ತಣ್ಣೀರಿನ ಪದರ ಅದು. ಬೇಸಿಗೆಯಲ್ಲಿ ಕೆರೆಗೆ ಧುಮುಕಿದಾಗ ಎದೆಗೆ ಬೆಚ್ಚಗೆ, ಕಾಲಿಗೆ ತಣ್ಣಗೆ ತಾಗುವುದನ್ನು ನೆನಪಿಸಿದೆ. ಅರ್ಥ ಕೂಡಲೇ ಕಾಲಿಗೆ ತಾಗಿತು.

ಕೆಳಸಾಲಿನಲ್ಲಿ ಸ್ವರವೇ ಇಲ್ಲ, ಪದ ಸಿಗುವುದಿಲ್ಲ ಎಂದು ಹೇಳಿ ಆಟ ಮುಗಿಸಿದ್ದೆ. ಊಟದ ನಂತರದ ತಂಡದಲ್ಲಿ ಒಬ್ಬ ಹಾಳೆಯ ಉದ್ದಕ್ಕೂ ‘ಝಡ್’ ಹೊಡೆದು ತಂದುಕೊಟ್ಟ.

‘ಇದೇನಪ್ಪಾ?’

‘ಗೊರಕೆ, ಸಾರ್.’